ಹಳೆ ರೀಲ್ ಕ್ಯಾಮೆರಾ ಕೆಟ್ಟರೆ: ಪಾರ್ಟು ಹುಡುಕುವುದು, ರಿಪೇರಿ ಮಾಡಿಸುವುದು

ನನ್ನ ಮೇಜಿನ ಕೆಳಗೆ ಒಂದು ತಗಡಿನ ಡಬ್ಬಿ ಇದೆ. ಒಳಗೆ ಮೂರು ಸತ್ತ ಕ್ಯಾಮೆರಾಗಳಿವೆ. ಒಂದಕ್ಕೆ ಮೇಲಿನ ಮುಚ್ಚಳ ಇಲ್ಲ, ಇನ್ನೊಂದಕ್ಕೆ ಕನ್ನಡಿ ಇಲ್ಲ, ಮೂರನೆಯದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ. ಈ ಮೂರೂ ಸೇರಿ ನಾಲ್ಕು ಕ್ಯಾಮೆರಾಗಳನ್ನು ಬದುಕಿಸಿವೆ.

ಹಳೆ ರೀಲ್ ಕ್ಯಾಮೆರಾ ಕೆಟ್ಟರೆ ಹೆಚ್ಚಿನವರು ಮೊದಲು ಹುಡುಕುವುದು ರಿಪೇರಿಯವರನ್ನು. ಆಮೇಲೆ ಪಾರ್ಟು. ಎರಡೂ ಸಿಗದೆ ಸಾಕಾದ ಮೇಲೆ ಅಸಲಿಗೆ ಏನು ಕೆಟ್ಟಿದೆ ಅಂತ ನೋಡುತ್ತಾರೆ. ಈ ಕ್ರಮವನ್ನು ಉಲ್ಟಾ ಮಾಡಿ. ಏನು ಕೆಟ್ಟಿದೆ ಅಂತ ಸರಿಯಾಗಿ ಗೊತ್ತಾದರೆ ಅರ್ಧದಷ್ಟು ಸಲ ಪಾರ್ಟೇ ಬೇಕಾಗುವುದಿಲ್ಲ. ಬೇಕಾದರೂ ಅದನ್ನು ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಕಂಪನಿಯವರನ್ನೇ ಕೇಳಬಾರದಾ? ಕೇಳಿ, ತಪ್ಪಿಲ್ಲ. ಆದರೆ ಆಸೆ ಇಟ್ಟುಕೊಳ್ಳಬೇಡಿ. ಒಂದು ಮಾಡೆಲ್ ನಿಂತ ಮೇಲೆ ಕಂಪನಿಗಳು ಕೆಲವು ವರ್ಷ ಮಾತ್ರ ಪಾರ್ಟು ಇಟ್ಟುಕೊಳ್ಳುತ್ತವೆ. ಮಿನೋಲ್ಟಾ 2003ರಲ್ಲಿ ಕೊನಿಕಾ ಜೊತೆ ಸೇರಿತು, 2006ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಕಾಂಟ್ಯಾಕ್ಸ್ ಹೆಸರಿನಲ್ಲಿ ಕ್ಯಾಮೆರಾ ಮಾಡುತ್ತಿದ್ದ ಕ್ಯೋಸೆರಾ 2005ರಲ್ಲೇ ಕೈ ತೊಳೆದುಕೊಂಡಿತು. ಕ್ಯಾನನ್ ತನ್ನ ಕೊನೆಯ ಫಿಲಂ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯುವ ಕ್ಯಾಮೆರಾ) ಆದ ಇಒಎಸ್-1ವಿ ಮಾರಾಟವನ್ನು 2018ರಲ್ಲಿ ನಿಲ್ಲಿಸಿತು. ಹಳೆಯ ಎಂ ಸರಣಿಯನ್ನು ಇಂದಿಗೂ ಸರ್ವಿಸ್ ಮಾಡುವ ಲೈಕಾದಂಥವರು ಅಪರೂಪ, ಅದಕ್ಕೆ ತಕ್ಕ ಬಿಲ್ಲೂ ಬರುತ್ತದೆ.

1. ನಿಜವಾಗಿ ಕೆಟ್ಟಿದೆಯಾ ನೋಡಿ

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ರೀಲ್ ಕ್ಯಾಮೆರಾ ವಿಷಯದಲ್ಲಿ ಇದು ದಿನಾ ನಡೆಯುತ್ತದೆ.

ನಿಕಾನ್ ಎಫ್‌ಎಂ2 ಅಥವಾ ಎಫ್‌ಇ ಕೈಗೆ ಬಂತು, ಶಟರ್ (ಫಿಲಮಿಗೆ ಬೆಳಕು ಬಿಡುವ ಪರದೆ) ಗುಂಡಿ ಒತ್ತಿದರೆ ಒಳಗೆ ಹೋಗುತ್ತಿಲ್ಲ. ಕೆಟ್ಟಿಲ್ಲ. ರೀಲು ಸುತ್ತುವ ಲಿವರನ್ನು ಸ್ವಲ್ಪ ಹೊರಗೆ ಎಳೆದು ನಿಲ್ಲಿಸಬೇಕು, ಆಗಲೇ ಗುಂಡಿಯ ಬೀಗ ತೆರೆಯುವುದು. ಮಾಮಿಯಾ ಆರ್‌ಬಿ67 ಕ್ಲಿಕ್ ಆಗುತ್ತಿಲ್ಲವೇ? ಹಿಂದೆ ಕೂರುವ ಫಿಲಂ ಬ್ಯಾಕಿನಲ್ಲಿ ಡಾರ್ಕ್ ಸ್ಲೈಡ್ (ಬೆಳಕು ತಡೆಯುವ ತಗಡು) ಉಳಿದಿರಬಹುದು, ಅದನ್ನು ಎಳೆಯಿರಿ. ಹ್ಯಾಸೆಲ್‌ಬ್ಲಾಡ್ 500 ಸರಣಿಯಲ್ಲಿ ಬಾಡಿ ಮತ್ತು ಲೆನ್ಸ್ ಎರಡೂ ಕಾಕ್ ಆಗಿರಬೇಕು, ಅಂದರೆ ಕ್ಲಿಕ್ಕಿಗೆ ಸ್ಪ್ರಿಂಗ್ ಬಿಗಿದಿರಬೇಕು. ಒಂದು ಆಗಿ ಇನ್ನೊಂದು ಆಗಿರದಿದ್ದರೆ ಲೆನ್ಸ್ ಬಿಚ್ಚಲೂ ಬರುವುದಿಲ್ಲ. ಅದು ಸಿಕ್ಕಿಹಾಕಿಕೊಂಡಿದೆ ಅಷ್ಟೆ, ಮುರಿದಿಲ್ಲ. ರಷ್ಯಾದ ಝೋರ್ಕಿ-4ರಲ್ಲಿ ಮೊದಲು ಶಟರ್ ಕಾಕ್ ಮಾಡಿ ಆಮೇಲೆ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು) ಬದಲಿಸಬೇಕು. ಇದು ಗೊತ್ತಿಲ್ಲದೆ ತಿರುಗಿಸಿದರೆ ಚೆನ್ನಾಗಿದ್ದದ್ದೂ ಕೆಡಬಹುದು.

ಹಾಗಾಗಿ ಯಾವ ಉಪಕರಣಕ್ಕೂ ಕೈ ಹಾಕುವ ಮುಂಚೆ ಆ ಕ್ಯಾಮೆರಾದ ಜೊತೆ ಬರುತ್ತಿದ್ದ ಪುಸ್ತಿಕೆ ಓದಿ. ಸ್ಕ್ಯಾನ್ ಮಾಡಿದ ಪ್ರತಿ ಬಹುತೇಕ ಎಲ್ಲ ಮಾಡೆಲ್‌ಗಳಿಗೂ ಆನ್‌ಲೈನಿನಲ್ಲಿ ಬಿಟ್ಟಿ ಸಿಗುತ್ತದೆ. ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತು. ಸೆಲ್ಫ್ ಟೈಮರ್ ಮುಟ್ಟಬೇಡಿ. ಒಳಗಿನ ಜಿಡ್ಡು ಒಣಗಿ ಅರ್ಧದಲ್ಲೇ ನಿಂತುಬಿಟ್ಟರೆ ಇಡೀ ಕ್ಯಾಮೆರಾ ಜಾಮ್. ಸುಮ್ನೆ ಕುತೂಹಲಕ್ಕೆ ತಿರುಗಿಸಿ ನಾನು ಒಂದನ್ನು ಹಾಗೆ ಮಲಗಿಸಿದ್ದೇನೆ.

2. ಬ್ಯಾಟರಿ

ಇದಕ್ಕೆ ಬೇರೆ ತಲೆಬರಹವೇ ಬೇಕು, ಯಾಕೆಂದರೆ "ಸತ್ತ" ಕ್ಯಾಮೆರಾಗಳಲ್ಲಿ ದೊಡ್ಡ ಪಾಲು ಇಲ್ಲೇ ಸತ್ತಿರುತ್ತವೆ.

ನಿಮ್ಮ ಕ್ಯಾಮೆರಾ ಬ್ಯಾಟರಿ ಇಲ್ಲದೆ ಏನು ಮಾಡಬಲ್ಲದು ಅಂತ ಮೊದಲು ತಿಳಿದುಕೊಳ್ಳಿ. ಪೆಂಟ್ಯಾಕ್ಸ್ ಕೆ1000, ಒಲಿಂಪಸ್ ಓಎಂ-1, ನಿಕಾನ್ ಎಫ್‌ಎಂ2 ಇವುಗಳ ಶಟರ್ ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಕ್ಯಾನನ್ ಎಇ-1 ಮತ್ತು ಮಿನೋಲ್ಟಾ ಎಕ್ಸ್-700 ಬ್ಯಾಟರಿ ಇಲ್ಲದಿದ್ದರೆ ಬರೀ ಇಟ್ಟಿಗೆ. ನಿಕಾನ್ ಎಫ್‌ಇ ನಡುವಿನದು. ಅದು ಬ್ಯಾಟರಿ ಇಲ್ಲದೆ ಸೆಕೆಂಡಿನ 1/90ರಲ್ಲಿ ಮತ್ತು ಬಲ್ಬ್‌ನಲ್ಲಿ ಮಾತ್ರ ಓಡುತ್ತದೆ (ಬಲ್ಬ್ ಅಂದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವುದು). ಒಲಿಂಪಸ್ ಟ್ರಿಪ್ 35ಕ್ಕಂತೂ ಬ್ಯಾಟರಿಯೇ ಇಲ್ಲ, ಲೆನ್ಸ್ ಸುತ್ತ ಇರುವ ಸೆಲೆನಿಯಂ ಗಾಜೇ ಅದರ ಮೀಟರ್.

ಹೊಸ ಬ್ಯಾಟರಿ ಹಾಕಿದರೂ ಜೀವ ಬರಲಿಲ್ಲ ಅಂದರೆ ಬ್ಯಾಟರಿ ಗೂಡಿನೊಳಗೆ ಟಾರ್ಚ್ ಬಿಡಿ. ಬಿಳಿ ಪುಡಿ ಅಥವಾ ಹಸಿರು ಕಿಲುಬು ಕಾಣಿಸುತ್ತದಾ? ಹಳೆಯ ಅಲ್ಕಲೈನ್ ಸೆಲ್ ಸೋರಿದೆ. ಇಯರ್‌ಬಡ್ಡಿಗೆ ಒಂದೇ ತೊಟ್ಟು ವಿನೆಗರ್ ಮುಟ್ಟಿಸಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ತಾಮ್ರ ಅಥವಾ ಹಿತ್ತಾಳೆ ಹೊಳೆಯುವವರೆಗೆ ಬಿಡಬೇಡಿ. ಆಗಲೂ ಕರೆಂಟು ಬರದಿದ್ದರೆ ಗೂಡಿನಿಂದ ಹೋಗುವ ತಂತಿಯನ್ನೇ ಕಿಲುಬು ಒಳಗಿನಿಂದ ತಿಂದಿರಬಹುದು. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಇರುತ್ತದೆ, ಒಳಗೆ ಕಪ್ಪು ಪುಡಿ. ಅಂಗೈ ಉದ್ದದ ತಂತಿ, ಎರಡು ಬೆಸುಗೆ, ಇಷ್ಟೇ ರಿಪೇರಿ.

1960 ಮತ್ತು 70ರ ದಶಕದ ಎಷ್ಟೋ ಕ್ಯಾಮೆರಾಗಳು 625 ಅನ್ನುವ ಪಾದರಸದ ಸೆಲ್ ಬಳಸುತ್ತಿದ್ದವು. ಅದರ ವೋಲ್ಟೇಜ್ 1.35, ಸಾಯುವವರೆಗೂ ಅಲುಗಾಡುತ್ತಿರಲಿಲ್ಲ. ಪಾದರಸ ವಿಷ, ಹಾಗಾಗಿ ಈಗ ಆ ಸೆಲ್ ಬರುವುದಿಲ್ಲ. ಅದೇ ಗಾತ್ರದ ಅಲ್ಕಲೈನ್ ಸಿಗುತ್ತದೆ, ಆದರೆ ಅದು 1.5 ವೋಲ್ಟ್‌ನಿಂದ ಶುರುವಾಗಿ ದಿನೇ ದಿನೇ ಇಳಿಯುತ್ತದೆ. ಹೊಸತಿದ್ದಾಗ ಮೀಟರಿಗೆ ಬೆಳಕು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಫೋಟೋ ಕಪ್ಪಾಗುತ್ತದೆ. ಜನ "ಮೀಟರ್ ಹೋಯಿತು" ಅಂತ ಮೀಟರ್ ಹುಡುಕಿಕೊಂಡು ಹೊರಡುತ್ತಾರೆ. ಬೇಕಾಗಿರುವುದು ಕಿವಿಯ ಯಂತ್ರಕ್ಕೆ ಹಾಕುವ 675 ಜಿಂಕ್-ಏರ್ ಸೆಲ್. ಅದು 1.4 ವೋಲ್ಟ್, ಹೆಚ್ಚುಕಡಿಮೆ ಸ್ಥಿರ. ಅಗಲ ಕಡಿಮೆ ಇರುವುದರಿಂದ ಸುತ್ತ ಒಂದು ರಬ್ಬರ್ ಉಂಗುರ ಹಾಕಬೇಕು. ಅಂಟು ಕಾಗದ ಕಿತ್ತ ಮೇಲೆ ಇದು ಬಳಸಿದರೂ ಬಳಸದಿದ್ದರೂ ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು ಬರುತ್ತದೆ. ಅದು ಬೇಡ ಅಂದರೆ ಒಳಗೆ ಡಯೋಡ್ ಕೂರಿಸಿದ ಅಡಾಪ್ಟರ್ ಸಿಗುತ್ತದೆ, ಸಿಲ್ವರ್ ಆಕ್ಸೈಡ್ ಸೆಲ್ಲಿನ 1.55 ವೋಲ್ಟನ್ನು ಅದು ಇಳಿಸಿ ಕೊಡುತ್ತದೆ. ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್‌ನವರಿಗೆ ಈ ತಲೆನೋವಿಲ್ಲ. ಅದರ ಬ್ರಿಡ್ಜ್ ಸರ್ಕ್ಯೂಟ್ ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಸರಿಯಾಗೇ ಹೇಳುತ್ತದೆ.

ಎಲ್‌ಆರ್44 ಹಾಕುವ ಜಾಗದಲ್ಲಿ ಎಸ್‌ಆರ್44 ಹಾಕಿ. ಗಾತ್ರ ಒಂದೇ. ಎರಡನೆಯದು ಸಿಲ್ವರ್ ಆಕ್ಸೈಡ್, ಕೊನೆಯವರೆಗೂ ವೋಲ್ಟೇಜ್ ಬೀಳುವುದಿಲ್ಲ.

3. ರೋಗಕ್ಕೆ ಹೆಸರು ಕೊಡಿ

"ಕೆಲಸ ಮಾಡ್ತಿಲ್ಲ" ಅನ್ನುವುದು ರೋಗದ ಹೆಸರಲ್ಲ. ಹಿಂದೆ ನಾನು ಒಂದು ಕ್ಯಾಮೆರಾವನ್ನು ಇಷ್ಟೇ ಬರೆದು ರಿಪೇರಿಗೆ ಕಳಿಸಿದ್ದೆ. ಎರಡು ತಿಂಗಳಿಗೆ ಪಳಪಳ ಅಂತ ಒರೆಸಿಕೊಂಡು ವಾಪಸ್ ಬಂತು. ರೋಗ ಹಾಗೇ ಇತ್ತು. ಸಾವಿರದಲ್ಲೊಂದು ಸೆಕೆಂಡಿನಲ್ಲಿ ಮಾತ್ರ ಫೋಟೋದ ಒಂದು ಪಕ್ಕ ಕಪ್ಪಾಗುತ್ತದೆ ಅಂತ ನಾನು ಹೇಳಿರಲೇ ಇಲ್ಲ. ಅವರು 1/60ರಲ್ಲಿ ನೋಡಿ "ಓಡುತ್ತಿದೆಯಲ್ಲ" ಅಂದುಕೊಂಡಿದ್ದಾರೆ.

ರೀಲು ಹಾಕದೆ ಹೀಗೆ ನೋಡಿ. ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆರೆದು, ಬೆಳಕಿನ ಕಡೆ ಹಿಡಿಯಿರಿ. ಒಂದೊಂದೇ ಸ್ಪೀಡಿನಲ್ಲಿ ಕ್ಲಿಕ್ ಮಾಡಿ. ಫೋನಿನ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ತೆಗೆಯುವುದಾದರೆ ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. 1/15ಕ್ಕೆ 16 ಫ್ರೇಮ್, 1/30ಕ್ಕೆ 8 ಫ್ರೇಮ್ ಬೆಳಕು ಕಾಣಬೇಕು. 8ರ ಬದಲು 12 ಕಂಡರೆ ಶಟರ್ ಆಲಸಿ ಆಗಿದೆ ಅಂತ ಲೆಕ್ಕ. 1/125 ದಾಟಿದ ಮೇಲೆ ಈ ಉಪಾಯ ನಂಬಬೇಡಿ. ನಿಧಾನದ ಸ್ಪೀಡುಗಳಲ್ಲಿ ಗುಂಯ್ ಅನ್ನುವ ಸಣ್ಣ ಗೇರಿನ ಸದ್ದು ಒಂದೇ ಸಮ ಬರಬೇಕು. ಮಧ್ಯೆ ತಡವರಿಸಿದರೆ ಒಣಗಿದ ಜಿಡ್ಡು. ಪಾರ್ಟು ಬೇಡ, ಬಿಚ್ಚಿ ತೊಳೆಯಬೇಕು.

ಹಳೆಯ ನೆಗೆಟಿವ್ ಇದ್ದರೆ ಅದು ಎಕ್ಸ್-ರೇ ಇದ್ದ ಹಾಗೆ. ಬೆಳಕಿನ ಪಟ್ಟೆ ಫ್ರೇಮಿನ ಗಡಿ ದಾಟಿ ರಂಧ್ರಗಳವರೆಗೂ ಹರಡಿದೆಯಾ? ಹಿಂಬಾಗಿಲಿನಿಂದ ಬೆಳಕು ನುಗ್ಗುತ್ತಿದೆ. ಫ್ರೇಮಿನ ಒಳಗೆ ಮಾತ್ರ ಇದೆಯಾ? ಶಟರ್ ಪರದೆ ಅಥವಾ ಕನ್ನಡಿ ಕಡೆ ನೋಡಿ. ಕಲರ್ ನೆಗೆಟಿವ್‌ನಿಂದ ಪ್ರಿಂಟ್ ಮಾಡಿದಾಗ ಸೋರಿಕೆ ಕೆಂಪು ಅಥವಾ ಕಿತ್ತಳೆಯಾಗಿದ್ದರೆ ಬೆಳಕು ಫಿಲಮಿನ ಬೆನ್ನಿನಿಂದ ಬಂದಿದೆ, ಯಾಕೆಂದರೆ ಕೆಂಪಿಗೆ ಸ್ಪಂದಿಸುವ ಪದರ ಇರುವುದು ಬೆನ್ನಿನ ಕಡೆ. ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗು ಅನ್ನುವುದು ನೆನಪಿರಲಿ. ಫೋಟೋದ ಮೇಲುಗಡೆ ಕಂಡ ಸೋರಿಕೆ ಕ್ಯಾಮೆರಾದ ಕೆಳಗಡೆಯದು.

ಕೆಲವು ಮಾಡೆಲ್‌ಗಳಿಗೆ ಮನೆತನದ ರೋಗಗಳಿವೆ. ಹೆಸರು ಹಾಕಿ ಹುಡುಕಿದರೆ ತಕ್ಷಣ ಸಿಗುತ್ತವೆ. 1976ರ ಕ್ಯಾನನ್ ಎಇ-1 ಕ್ಲಿಕ್ ಮಾಡಿದಾಗ ಕೆಮ್ಮಿದ ಹಾಗೆ ಕೀಚಲು ಸದ್ದು ಮಾಡಿದರೆ ಕನ್ನಡಿಯ ಗೇರುಗಳಲ್ಲಿ ಎಣ್ಣೆ ಒಣಗಿದೆ. ಸರಿಯಾದ ಜಾಗಕ್ಕೆ ಸೂಜಿ ತುದಿಯಲ್ಲಿ ಒಂದು ಹನಿ ಎಣ್ಣೆ ಸಾಕು. ಮಿನೋಲ್ಟಾ ಎಕ್ಸ್-700 ಹೊಸ ಬ್ಯಾಟರಿ ಇದ್ದೂ ಅಲ್ಲಾಡದೆ ನಿಂತರೆ ಅನುಮಾನ ಮೊದಲು ಕೆಪಾಸಿಟರ್ (ಕರೆಂಟು ಕೂಡಿಡುವ ಪುಟ್ಟ ಬಿಡಿಭಾಗ) ಮೇಲೆ. ಯಾಶಿಕಾ ಎಲೆಕ್ಟ್ರೋ 35 ಸುತ್ತುವಾಗ ಒಳಗಿನಿಂದ ಟಕ್ ಅನ್ನುವ ಸದ್ದು ಬರದಿದ್ದರೆ ಒಂದು ಪುಟ್ಟ ರಬ್ಬರ್ ತುಂಡು ಕರಗಿದೆ ಅಂತ ಅರ್ಥ. ಅದನ್ನು ಈ ಕ್ಯಾಮೆರಾ ಬಳಸುವವರು ಸಾವಿನ ಪ್ಯಾಡ್ ಅಂತಲೇ ಕರೆಯುತ್ತಾರೆ. ಓಎಂ-1ರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಒಳಗೆ ಕಪ್ಪು ಕಲೆ ಕಂಡರೆ ಪ್ರಿಸಂ (ಚಿತ್ರವನ್ನು ತಿರುಗಿಸಿ ಕಣ್ಣಿಗೆ ಕೊಡುವ ಗಾಜು) ಸುತ್ತ ಇದ್ದ ಫೋಮ್ ಕೊಳೆತು ಬೆಳ್ಳಿ ಲೇಪ ತಿಂದಿದೆ. ಸ್ಪಾಟ್‌ಮ್ಯಾಟಿಕ್ ಕಾಲದ 50 ಎಂಎಂ ಎಫ್ 1.4 ಸೂಪರ್ ಟಾಕುಮಾರ್ ಲೆನ್ಸ್ ಟೀ ಬಣ್ಣಕ್ಕೆ ತಿರುಗಿದ್ದರೆ ಅದು ಥೋರಿಯಂ ಗಾಜಿನ ಗುಣ. ಯುವಿ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ, ಹೊಸ ಲೆನ್ಸ್ ಹುಡುಕುವುದು ಬೇಡ.

4. ವಯಸ್ಸಿಗೆ ಕೆಟ್ಟದ್ದಾ, ಏಟಿಗೆ ಕೆಟ್ಟದ್ದಾ?

ಪಾರ್ಟು ಹುಡುಕುವ ಮುಂಚೆ ಈ ಒಂದು ಪ್ರಶ್ನೆ ಕೇಳಿಕೊಂಡರೆ ಹಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಫೋಮ್, ರಬ್ಬರ್, ಗ್ರೀಸು, ಕೆಪಾಸಿಟರ್, ಅಂಟು. ಇವೆಲ್ಲ ವಯಸ್ಸಿಗೆ ಕೆಡುತ್ತವೆ. ಇವುಗಳಿಗಾಗಿ ಇನ್ನೊಂದು ಹಳೆ ಕ್ಯಾಮೆರಾ ಕೊಳ್ಳಬೇಡಿ. ಅದರ ಫೋಮಿಗೂ ಅಷ್ಟೇ ವಯಸ್ಸಾಗಿದೆ ಅಲ್ವಾ? ಇವನ್ನು ಹೊಸದಾಗಿಯೇ ತರಬೇಕು, ಕ್ಯಾಮೆರಾ ಅಂಗಡಿಯೇ ಆಗಬೇಕಿಲ್ಲ. ಕೆಪಾಸಿಟರ್ ಎಲೆಕ್ಟ್ರಾನಿಕ್ಸ್ ಸಾಮಾನಿನವರ ಹತ್ತಿರ ಇರುತ್ತದೆ. ಅಳತೆಗೆ ಕತ್ತರಿಸಿದ ಫೋಮ್ ಪಟ್ಟಿಗಳು, ಮೈಮೇಲಿನ ಚರ್ಮದ ಹೊದಿಕೆ ಇವನ್ನು ಮಾಡೆಲ್ ಹೆಸರಿಗೇ ಮಾಡಿ ಆನ್‌ಲೈನಿನಲ್ಲಿ ಮಾರುವವರಿದ್ದಾರೆ.

ಮುರಿದ ಲಿವರ್, ಒಡೆದ ಪ್ರಿಸಂ, ಕಳೆದ ಸ್ಕ್ರೂ, ನುಜ್ಜಾದ ಮೇಲ್ಮುಚ್ಚಳ, ಕಾಣೆಯಾದ ಗುಂಡಿ. ಇವು ಏಟಿಗೆ ಕೆಟ್ಟವು. ಇವಕ್ಕೆ ಇನ್ನೊಂದು ಸತ್ತ ಕ್ಯಾಮೆರಾವೇ ಅಂಗಡಿ.

ಎರಡಕ್ಕೂ ಮಧ್ಯೆ ಪ್ಲಾಸ್ಟಿಕ್ ತುಂಡುಗಳಿವೆ. ಎಇ-1ರ ಬ್ಯಾಟರಿ ಬಾಗಿಲಿನ ಕೊಕ್ಕೆ ಮುರಿಯದೆ ಉಳಿದ ಕ್ಯಾಮೆರಾ ಅಪರೂಪ. ಇಂಥವನ್ನು ಈಗ 3ಡಿ ಪ್ರಿಂಟ್ ಮಾಡುತ್ತಾರೆ. ಡಿಸೈನ್ ಫೈಲುಗಳು ಬಿಟ್ಟಿಯಾಗಿ ಹಂಚಿಕೆಯಾಗುತ್ತವೆ, ಪ್ರಿಂಟ್ ಮಾಡಿಕೊಡುವವರಿಗೆ ಫೈಲ್ ಕಳಿಸಿದರಾಯಿತು. ಬಾಗಿಲು, ಗುಂಡಿ, ಅಡಾಪ್ಟರ್ ಇವಕ್ಕೆ ಇದು ಚೆನ್ನ. ಗೇರಿಗೆ ಬೇಡ.

ಇನ್ನು ಎಲ್ಲ ಮೋಟಾರಿನಲ್ಲೇ ನಡೆಯುವ ಸಣ್ಣ ಜೇಬಿನ ಕ್ಯಾಮೆರಾಗಳು. ಇವುಗಳ ಸರ್ಕ್ಯೂಟ್ ಕೆಟ್ಟರೆ ಅದೇ ಮಾಡೆಲಿನ ಬದುಕಿರುವ ಬೋರ್ಡೇ ಬೇಕು. ಬದುಕಿರುವ ಬೋರ್ಡ್ ಇದ್ದರೆ ಅದು ಬದುಕಿರುವ ಕ್ಯಾಮೆರಾವೇ ಆಯಿತಲ್ಲ! ಇಂಥದಕ್ಕೆ ರಿಪೇರಿಗೆ ಸುರಿಯುವ ದುಡ್ಡನ್ನು ಇನ್ನೊಂದು ಕ್ಯಾಮೆರಾಕ್ಕೆ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ದಯವಿಟ್ಟು ಇವನ್ನು ಮನೆಯಲ್ಲಿ ಬಿಚ್ಚಬೇಡಿ. ಫ್ಲ್ಯಾಷ್ ಕೆಪಾಸಿಟರಿನಲ್ಲಿ 300 ವೋಲ್ಟ್ ಆಸುಪಾಸು ಇರುತ್ತದೆ, ಬ್ಯಾಟರಿ ತೆಗೆದ ಎಷ್ಟೋ ದಿನದ ಮೇಲೂ ಹೊಡೆಯುತ್ತದೆ.

5. ಕ್ಯಾಮೆರಾದ ನೆಂಟರನ್ನು ಹುಡುಕಿ

ನಿಮ್ಮ ಮಾಡೆಲಿನ ಹೆಸರು ಮಾತ್ರ ಹಾಕಿ ಹುಡುಕಿದರೆ ಅರ್ಧ ಮಾರುಕಟ್ಟೆ ಕಾಣುವುದೇ ಇಲ್ಲ. ಒಂದೇ ಕ್ಯಾಮೆರಾ ಬೇರೆ ಬೇರೆ ದೇಶಕ್ಕೆ ಬೇರೆ ಹೆಸರಿನಲ್ಲಿ ಹೋಗಿದೆ. ಜಪಾನಿನಲ್ಲಿ ನಿಕೊಮ್ಯಾಟ್ ಆಗಿದ್ದದ್ದು ಹೊರಗೆ ನಿಕ್ಕೊರ್ಮ್ಯಾಟ್. ಅಮೆರಿಕದ ಹನಿವೆಲ್ ಪೆಂಟ್ಯಾಕ್ಸ್ ಅಂದರೆ ಬೇರೆ ಕಡೆಯ ಅಸಾಹಿ ಪೆಂಟ್ಯಾಕ್ಸ್. ಒಲಿಂಪಸ್ ಮ್ಯೂ ಅಮೆರಿಕದಲ್ಲಿ ಸ್ಟೈಲಸ್. ಮಿನೋಲ್ಟಾ ಎಸ್‌ಆರ್‌ಟಿ 303 ಅಲ್ಲಿ ಎಸ್‌ಆರ್‌ಟಿ 102. ಕ್ಯಾನನ್ ಇಒಎಸ್ 300ಕ್ಕೆ ಅಮೆರಿಕದಲ್ಲಿ ರೆಬೆಲ್ 2000, ಜಪಾನಿನಲ್ಲಿ ಕಿಸ್ 3.

ಇದಕ್ಕಿಂತ ಮಜಾ ಇರುವುದು ಒಳಗಿನ ನೆಂಟಸ್ತಿಕೆ. ನಿಕಾನ್ ಎಫ್‌ಎಂ10, ಒಲಿಂಪಸ್ ಓಎಂ-2000, ಕ್ಯಾನನ್ ಟಿ60 ಮೂರೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ಲೆನ್ಸ್ ಮೌಂಟ್ (ಲೆನ್ಸ್ ಕೂರುವ ಬಾಯಿ). ತಯಾರಿಸಿದ್ದು ಮಾತ್ರ ಒಬ್ಬರೇ, ಕೊಸಿನಾ. ಒಳಗಿನ ಚೌಕಟ್ಟು ಒಂದೇ ಮನೆಯದು. ಪೆಂಟ್ಯಾಕ್ಸ್ ಕೆ1000ಕ್ಕೆ ಕೆಎಂ ಹತ್ತಿರದ ಅಣ್ಣ. ದೂರ ಅಳೆದು ಫೋಕಸ್ ಮಾಡುವ ಯುಕ್ರೇನಿನ ಕೀಯೆವ್ ರೇಂಜ್‌ಫೈಂಡರುಗಳು ಎರಡನೇ ಮಹಾಯುದ್ಧದ ಮೇಲೆ ಜರ್ಮನಿಯಿಂದ ತಂದ ಕಾಂಟ್ಯಾಕ್ಸ್‌ನ ಯಂತ್ರಗಳಲ್ಲೇ ಶುರುವಾದವು.

ನೆಂಟ ಅಂದ ಮಾತ್ರಕ್ಕೆ ಪಾರ್ಟು ಕೂರುತ್ತದೆ ಅಂತಲ್ಲ. ಅದಕ್ಕೆ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ಬೇಕು. ಅದರಲ್ಲಿ ಇಡೀ ಕ್ಯಾಮೆರಾವನ್ನು ಬಿಡಿಸಿಟ್ಟ ಚಿತ್ರವಿರುತ್ತದೆ, ಪ್ರತಿ ತುಂಡಿಗೂ ನಂಬರ್ ಇರುತ್ತದೆ. ಎರಡು ಮಾಡೆಲಿನ ಮ್ಯಾನ್ಯುಯಲ್ ಪಕ್ಕಪಕ್ಕ ಇಟ್ಟು ನಂಬರ್ ಹೋಲಿಸಿ. ಒಂದೇ ಇದ್ದರೆ ಕಣ್ಣು ಮುಚ್ಚಿ ತರಿಸಬಹುದು. ಮಾರುವವರ ಜೊತೆ ಮಾತಾಡುವಾಗಲೂ "ಮೇಲಿನ ಆ ಗುಂಡಿ" ಅನ್ನುವುದಕ್ಕಿಂತ ನಂಬರ್ ಹೇಳಿದರೆ ಗೊಂದಲವೇ ಇಲ್ಲ.

6. ಸತ್ತ ಕ್ಯಾಮೆರಾ ಕೊಳ್ಳುವ ಕಲೆ

ಜಪಾನಿನ ಮಾರಾಟಗಾರರು "ಜಂಕ್" ಅಂತ ಹಾಕುತ್ತಾರೆ. ಬೇರೆಯವರು "ಪಾರ್ಟ್ಸಿಗೆ ಮಾತ್ರ" ಅನ್ನುತ್ತಾರೆ. ಇನ್ನು ಕೆಲವರು "ಟೆಸ್ಟ್ ಮಾಡಿಲ್ಲ" ಅನ್ನುತ್ತಾರೆ. ನನ್ನ ಅನುಭವದಲ್ಲಿ ಇದರ ಅರ್ಥ, ಟೆಸ್ಟ್ ಮಾಡಿದೆ, ಓಡಲಿಲ್ಲ. ಆ ಬೆಲೆಗೇ ಕೊಳ್ಳಿ.

ನಿಮ್ಮ ಕ್ಯಾಮೆರಾದ ರೋಗ ಇಲ್ಲದ, ಬೇರೆ ರೋಗ ಇರುವ ಕ್ಯಾಮೆರಾ ಹುಡುಕಬೇಕು. ನಿಮ್ಮದರ ಪ್ರಿಸಂ ಹೋಗಿದ್ದರೆ ಶಟರ್ ಹೋಗಿರುವುದನ್ನು ತನ್ನಿ. ಫೋಟೋದಲ್ಲಿ ಕಾಣದ್ದನ್ನು ಕೇಳಿ: ವ್ಯೂಫೈಂಡರ್ ಒಳಗಿನ ಫೋಟೋ ಕಳಿಸುತ್ತೀರಾ? ಬ್ಯಾಟರಿ ಗೂಡು? ಸ್ಕ್ರೂ ತಲೆಗಳು? ಸ್ಕ್ರೂ ತಲೆ ಸವೆದಿದ್ದರೆ ಯಾರೋ ಮೊದಲೇ ಒಳಗೆ ಹೋಗಿ ಬಂದಿದ್ದಾರೆ. ಅಂಥದರಲ್ಲಿ ನಿಮಗೆ ಬೇಕಾದ ತುಂಡೇ ಇಲ್ಲದಿರಬಹುದು. ನೀರಿಗೆ ಬಿದ್ದದ್ದು, ಒಳಗೆ ತುಕ್ಕು ಹಿಡಿದದ್ದು ಎಷ್ಟು ಅಗ್ಗವಾದರೂ ಬೇಡ. ನೆಲಕ್ಕೆ ಬಿದ್ದು ಮೂಲೆ ನುಗ್ಗಾದದ್ದು ಪರವಾಗಿಲ್ಲ, ಅದರ ಹೊಟ್ಟೆಯಲ್ಲಿ ಒಳ್ಳೆಯ ಸಾಮಾನು ಇರುತ್ತದೆ.

7. ನೀವೇ ಮಾಡಬಹುದಾದ ಒಂದು ಕೆಲಸ: ಫೋಮ್ ಬದಲಿಸುವುದು

ಹಿಂಬಾಗಿಲು ತೆರೆದು ಅಂಚಿನ ಕಪ್ಪು ಪಟ್ಟಿಯನ್ನು ಉಗುರಿನಿಂದ ಮುಟ್ಟಿ. ಡಾಂಬರಿನ ಹಾಗೆ ಅಂಟಿದರೆ ಅಥವಾ ಪುಡಿ ಉದುರಿದರೆ ಬದಲಿಸಬೇಕು. 70 ಮತ್ತು 80ರ ದಶಕದ ಜಪಾನೀ ಕ್ಯಾಮೆರಾಗಳಲ್ಲಿ ಇದು ಆಗೇ ಆಗಿರುತ್ತದೆ. ಇದಕ್ಕೆ ರಿಪೇರಿಯವರು ಬೇಡ, ಒಂದು ಸಂಜೆ ಸಾಕು.

ಮೊದಲು ಶಟರಿನ ಮೇಲೆ ಕಾಗದ ಮುಚ್ಚಿ, ಅದರ ಅಂಚಿಗೆ ಮಾತ್ರ ಟೇಪ್ ಹಚ್ಚಿ. ಪರದೆಗೆ ಟೇಪ್ ತಾಗಲೇಬಾರದು. ಬಿದಿರು ಕಡ್ಡಿಯ ತುದಿಯನ್ನು ಉಳಿಯ ಹಾಗೆ ಚಪ್ಪಟೆ ಕೆತ್ತಿ. ಲೋಹದ ಬ್ಲೇಡ್ ಬೇಡ, ಕಪ್ಪು ಬಣ್ಣ ಎದ್ದುಬರುತ್ತದೆ. ಕ್ಯಾಮೆರಾವನ್ನು ಬೋರಲು ಹಿಡಿದು ಕೆರೆಯಿರಿ, ಕಸ ಒಳಗೆ ಬೀಳುವ ಬದಲು ಹೊರಗೆ ಬೀಳಲಿ. ಒಣಗಿದ್ದನ್ನೆಲ್ಲ ತೆಗೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್‌ನಿಂದ ಫೋಮ್ ಕೂರುವ ಸಂದು ಒರೆಸಿ. ಬಡ್ಡು ಬಿಳಿಯಾಗೇ ಉಳಿಯುವವರೆಗೆ ಒರೆಸಬೇಕು. ನನಗೆ ಒಂದು ಕ್ಯಾಮೆರಾಕ್ಕೆ ನಲವತ್ತು ಬಡ್ಡು ಹಿಡಿದದ್ದುಂಟು.

ಹೊಸ ಫೋಮಿನ ದಪ್ಪ ಮುಖ್ಯ. ಮೇಲೆ ಕೆಳಗೆ ಉದ್ದಕ್ಕೆ ಇರುವ ಕಿರಿದಾದ ಸಂದಿಗೆ ಒಂದೂವರೆ ಮಿಲಿಮೀಟರ್ ಬಹುತೇಕ ಸರಿಹೋಗುತ್ತದೆ, ಕಪ್ಪು ಉಣ್ಣೆಯ ದಾರವೂ ಆಗುತ್ತದೆ. ಕೀಲಿನ ಕಡೆಯ ಅಗಲ ಪಟ್ಟಿಗೆ ಎರಡು ಮಿಲಿಮೀಟರ್. ಅಂಟು ಇರುವ ಫೋಮ್ ಮುಟ್ಟಿದಲ್ಲೇ ಕಚ್ಚಿಕೊಂಡು ಓರೆಯಾಗುತ್ತದೆ. ಹಾಗಾಗಿ ಅಂಟಿನ ಮೇಲೆ ಸ್ವಲ್ಪ ನೀರು ಸವರಿ. ಅನುಭವಸ್ಥರು ನಾಲಿಗೆಯಿಂದ ಸವರುತ್ತಾರೆ, ನಿಮ್ಮ ಇಷ್ಟ. ಕೆಲವು ನಿಮಿಷ ಅದು ಜಾರುತ್ತದೆ, ಅಷ್ಟರಲ್ಲಿ ಕಡ್ಡಿಯಿಂದ ತಳ್ಳಿ ಕೂರಿಸಿ. ಫ್ರೇಮ್ ಎಣಿಕೆಯನ್ನು ಸೊನ್ನೆಗೆ ತರುವ ಪುಟ್ಟ ಪಿನ್ ಕೆಲವು ಕ್ಯಾಮೆರಾಗಳಲ್ಲಿ ಇದೇ ಸಂದಿನಲ್ಲಿರುತ್ತದೆ, ಅದನ್ನು ಮುಚ್ಚಿಬಿಡಬೇಡಿ. ಬಾಗಿಲು ಹಾಕಿ ಒಂದು ರಾತ್ರಿ ಬಿಡಿ. ಹಾಕಲು ಬಲ ಬೇಕಾದರೆ ಫೋಮ್ ದಪ್ಪವಾಯಿತು ಅಂತ ಅರ್ಥ.

ಕನ್ನಡಿ ಮೇಲೆ ಹೋಗಿ ಬಡಿಯುವ ಜಾಗದ ಫೋಮನ್ನೂ ಬದಲಿಸಬಹುದು, ಆದರೆ ಅದರ ಪಕ್ಕದಲ್ಲೇ ಫೋಕಸಿಂಗ್ ಸ್ಕ್ರೀನ್ (ನೋಡುವ ಚಿತ್ರ ಮೂಡುವ ಮಂಜು ಹಲಗೆ) ಇದೆ. ಅದು ಹೆಚ್ಚಾಗಿ ಪ್ಲಾಸ್ಟಿಕ್. ಆಲ್ಕೋಹಾಲ್ ಒಂದು ಹನಿ ತಾಗಿದರೆ ಕಲೆ ಹೋಗುವುದಿಲ್ಲ. ಮೊದಲ ಸಲವೇ ಅಲ್ಲಿಗೆ ಕೈ ಹಾಕಬೇಡಿ.

ಇದಕ್ಕಿಂತ ಒಳಗೆ ಹೋಗುವುದಾದರೆ ಒಂದೆರಡು ಎಚ್ಚರಿಕೆ. ಜಪಾನೀ ಕ್ಯಾಮೆರಾದ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು, ಮಾಮೂಲು ಫಿಲಿಪ್ಸ್ ಅಲ್ಲ. ನೋಡಲು ಒಂದೇ ಥರ. ಫಿಲಿಪ್ಸ್ ಹಾಕಿ ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ. ನನ್ನ ಡಬ್ಬಿಯಲ್ಲಿರುವ ಮೂರು ಹೆಣಗಳಲ್ಲಿ ಒಂದು ಹೀಗೇ ಬಂದದ್ದು. ಕೆಲವು ಕಡೆ, ಅದರಲ್ಲೂ ಸುತ್ತುವ ಲಿವರಿನ ಮೇಲೆ, ಉಲ್ಟಾ ಮರೆಯ ಸ್ಕ್ರೂ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವ ಸ್ಕ್ರೂ ಇರುತ್ತದೆ. ತಲೆಯ ಮೇಲೆ ಒಂದರ ಬದಲು ಮೂರು ಗೀರು ಕಂಡರೆ ಅದು ಉಲ್ಟಾ ಅನ್ನುವ ಗುರುತು. ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಫೋಟೋ ತೆಗೆಯಿರಿ, ಬಿಚ್ಚಿದ ಕ್ರಮದಲ್ಲೇ ಟೇಪಿಗೆ ಅಂಟಿಸಿ. ಲೆನ್ಸ್ ಮೌಂಟಿನ ಕೆಳಗೆ ಕಾಗದದಷ್ಟು ತೆಳು ಲೋಹದ ಬಿಲ್ಲೆಗಳು ಇರಬಹುದು. ಫೋಕಸ್ ಸರಿಯಾಗಿ ನಿಲ್ಲುವುದೇ ಅವುಗಳಿಂದ, ಅವು ಕಳೆದರೆ ಕಷ್ಟ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನಂತೂ ಕ್ಯಾಮೆರಾದ ಹತ್ತಿರ ಸುಳಿಸಬೇಡಿ. ಅದು ಹರಿದು ಶಟರ್ ಎಲೆಗೂ ಲೆನ್ಸಿನ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗೂ ಅಂಟಿ ಇರುವ ರೋಗದ ಮೇಲೆ ಇನ್ನೊಂದು ತರುತ್ತದೆ.

8. ರಿಪೇರಿಯವರನ್ನು ಆರಿಸುವುದು

ಒಳ್ಳೆಯ ರಿಪೇರಿಯವರು ಎಲ್ಲ ಕ್ಯಾಮೆರಾ ಮುಟ್ಟುವುದಿಲ್ಲ. "ಮಿನೋಲ್ಟಾ ನಾನು ನೋಡಲ್ಲ" ಅಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಲಕ್ಷಣ. ಹಾಗೆ ಹೇಳಿದವರಿಗೆ ಯಾರು ನೋಡುತ್ತಾರೆ ಅನ್ನುವುದೂ ಗೊತ್ತಿರುತ್ತದೆ, ಕೇಳಿ. ಹಳೆಯ ಕೈಗಡಿಯಾರ, ಮೈಕ್ರೋಸ್ಕೋಪ್ ರಿಪೇರಿ ಮಾಡುವವರಲ್ಲಿ ಕೆಲವರು ಯಾಂತ್ರಿಕ ಶಟರ್ ತೊಳೆದು ಕೊಡಬಲ್ಲರು, ಆದರೆ ಸ್ಪೀಡ್ ಅಳೆಯುವ ಯಂತ್ರ ಅವರಲ್ಲಿರುವುದು ಕಡಿಮೆ.

ಕೇಳಬೇಕಾದ್ದು ಮೂರೇ. ಇದೇ ಮಾಡೆಲ್ ಮೊದಲು ಬಿಚ್ಚಿದ್ದೀರಾ? ಕೆಲಸ ಮುಗಿದ ಮೇಲೆ ಪ್ರತಿ ಸ್ಪೀಡಿನ ಅಳತೆ ಬರೆದು ಕೊಡುತ್ತೀರಾ? ಅದೇ ರೋಗ ಮತ್ತೆ ಬಂದರೆ ಎಷ್ಟು ತಿಂಗಳವರೆಗೆ ನೋಡುತ್ತೀರಾ? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೆ ನಿಲ್ಲಿಸಿ. ಕಿವಿಯಲ್ಲಿ ಕೇಳಿ ಸಾವಿರದಲ್ಲೊಂದು ಸೆಕೆಂಡ್ ಸರಿ ಇದೆ ಅನ್ನಲು ಯಾರಿಂದಲೂ ಆಗುವುದಿಲ್ಲ.

ಪಾರ್ಟನ್ನು ನೀವೇ ತಂದುಕೊಡಬಹುದಾ ಅಂತಲೂ ವಿಚಾರಿಸಿ. ಸತ್ತ ಕ್ಯಾಮೆರಾವನ್ನು ಜೊತೆಗೇ ಕೊಟ್ಟರೆ ಎಷ್ಟೋ ಜನ ಆಗಲ್ಲ ಅಂದ ಕೆಲಸಕ್ಕೂ ಒಪ್ಪುತ್ತಾರೆ.

ಕ್ಯಾಮೆರಾ ಜೊತೆ ಒಂದು ಚೀಟಿ ಇಡಿ. ನಾನು ಈಗ ಹೀಗೆ ಬರೆಯುತ್ತೇನೆ:

"ಪೆಂಟ್ಯಾಕ್ಸ್ ಕೆ1000. ಬ್ಯಾಟರಿ ಹೊಸದು, ಮೀಟರ್ ಸರಿ ಇದೆ. 1/500 ಮತ್ತು 1/1000ರಲ್ಲಿ ಫೋಟೋದ ಬಲಗಡೆ ಕಪ್ಪಾಗುತ್ತದೆ, ಪ್ರಿಂಟ್ ಜೊತೆಗಿದೆ. 1/250ರವರೆಗೆ ತೊಂದರೆ ಇಲ್ಲ. ಫೋಮ್ ನಾನೇ ಬದಲಿಸಿದ್ದೇನೆ. ಬೇರೆ ಏನೂ ಬಿಚ್ಚಿಲ್ಲ. ಬೇರೆ ಏನಾದರೂ ಕಂಡರೆ ಮಾಡುವ ಮುಂಚೆ ಒಂದು ಮಾತು ತಿಳಿಸಿ, ಸರ್. ತೆಗೆದ ಹಳೆಯ ಪಾರ್ಟು ವಾಪಸ್ ಬೇಕು."

"ಬೇರೆ ಏನೂ ಬಿಚ್ಚಿಲ್ಲ" ಅನ್ನುವ ಸಾಲಿನಲ್ಲಿ ಸುಳ್ಳು ಹೇಳಬೇಡಿ. ಬಿಚ್ಚಿದ್ದರೆ ಬಿಚ್ಚಿದ್ದೇನೆ ಅನ್ನಿ. ಅವರಿಗೆ ಹೇಗೂ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಪಾರ್ಸೆಲ್ ಮಾಡುವಾಗ ಬ್ಯಾಟರಿ, ಬೆಲ್ಟು, ಫಿಲ್ಟರ್ ತೆಗೆಯಿರಿ. ರೋಗ ಲೆನ್ಸಿನದಲ್ಲದಿದ್ದರೆ ಲೆನ್ಸೂ ಬೇಡ. ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಏನೂ ಕದಲಬಾರದು.

9. ವಾಪಸ್ ಬಂದ ಮೇಲೆ

ಮೊದಲ ರೀಲು ಟೆಸ್ಟಿಗೇ ಅಂತ ಇಡಿ. ಮದುವೆಗೋ ಪ್ರವಾಸಕ್ಕೋ ಒಯ್ಯಬೇಡಿ. ಒಂದೇ ಗೋಡೆ, ಒಂದೇ ಬೆಳಕು. 1/1000ಕ್ಕೆ ಅಪರ್ಚರ್ ಎಫ್ 2, 1/500ಕ್ಕೆ ಎಫ್ 2.8, 1/250ಕ್ಕೆ ಎಫ್ 4, ಹೀಗೆ ಕೆಳಗೆ ಇಳಿಯುತ್ತಾ ಹೋಗಿ. ಎಲ್ಲ ನೆಗೆಟಿವ್ ಒಂದೇ ದಟ್ಟಣೆ ಇರಬೇಕು. ಯಾವುದು ಬೇರೆಯಾಗಿ ಕಂಡಿತೋ ಆ ಸ್ಪೀಡು ಅಥವಾ ಆ ಅಪರ್ಚರ್ ಇನ್ನೂ ಸರಿಯಾಗಿಲ್ಲ. ಯಾವ ಫ್ರೇಮಿಗೆ ಯಾವ ಸ್ಪೀಡು ಅಂತ ಕಾಗದದಲ್ಲಿ ಬರೆದಿಡಿ, ನೆನಪಿನಲ್ಲಿ ಉಳಿಯುವುದಿಲ್ಲ. ಕೊನೆಯ ನಾಲ್ಕೈದು ಫ್ರೇಮ್ ಇರುವಾಗ ಕ್ಯಾಮೆರಾವನ್ನು ಬಿಸಿಲಿನಲ್ಲಿ ಎಲ್ಲ ಕಡೆ ತಿರುಗಿಸಿ ಹತ್ತು ನಿಮಿಷ ಇಡಿ, ಲೆನ್ಸಿಗೆ ಮುಚ್ಚಳ ಇರಲಿ. ಸೋರಿಕೆ ಉಳಿದಿದ್ದರೆ ಅಲ್ಲಿ ಕಾಣುತ್ತದೆ.

ಸತ್ತ ಕ್ಯಾಮೆರಾದಿಂದ ಯಾವ ತುಂಡು ತೆಗೆದಿರಿ ಅಂತ ಒಂದು ಚೀಟಿ ಬರೆದು ಅದರ ಹೊಟ್ಟೆಯೊಳಗೇ ಇಡಿ. ನಾನು ಇದನ್ನು ತಡವಾಗಿ ಕಲಿತೆ. ಕಳೆದ ಸಲ ಒಂದು ರಿವೈಂಡ್ ಗುಂಡಿಗಾಗಿ ಮೂರನ್ನೂ ಬಿಚ್ಚಿ ನೋಡಿದೆ. ಅದನ್ನು ಮೊದಲೇ ಯಾರಿಗೋ ಕೊಟ್ಟಾಗಿತ್ತು.